ಬೆಣೆ ಬಿಗಿದ ದೋಣಿ

"ಇಳಿಸಿ ಅವಳನ್ನ! ಮೊದಲು ಕೆಳಗಿಳಿಸಿ!"

ಬಾಗಿಲಲ್ಲಿ ನಿಂತವನ ಕೂಗಿಗೆ, ಒಂಟಿ ಕಾಲಿನ ಕೊಕ್ಕರೆಗಳಾಗಿದ್ದ ಮಕ್ಕಳೆಲ್ಲ ಬೆಚ್ಚಿ ಎರಡೂ ಕಾಲೂರಿದರು.

ಟೀಚರ್ ಮಾತ್ರ ಅತ್ತ ತಿರುಗಲಿಲ್ಲ. ಅವಳ ಕಣ್ಣೆಲ್ಲ ಗಿಡ್ಡ ಮಣೆಯ ಮೇಲೆ ನಡುಗುತ್ತ ನಿಂತಿದ್ದ ಐದು ವರ್ಷದ ಹುಡುಗಿಯ ಮೇಲಿತ್ತು. ಅಂದೇ ಸೇರಿದ ಮಗು. ಮನೆಯವರು ಗುಬ್ಬಿ ಅಂತ ಕರೆಯುತ್ತಿದ್ದರು.

"ಕೂಗಬೇಡಿ," ಅಂದಳು ಮೆಲ್ಲಗೆ. "ಅವಳು ನಿಮ್ಮ ಕಡೆ ತಿರುಗಿದ್ರೆ ಬೀಳ್ತಾಳೆ."

ಅವನಿಗೆಲ್ಲಿ ಕೇಳಿಸಬೇಕು! ಸಿಮೆಂಟು ಮೆತ್ತಿದ ಬೂಟಿನಲ್ಲೇ ಚಾಪೆ ತುಳಿದು ಬಂದು ಮಗುವನ್ನು ಎತ್ತಿಕೊಂಡುಬಿಟ್ಟ.

"ನೀವೇನು ಟೀಚರ್ರಾ, ಸರ್ಕಸ್ಸಿನವರಾ?"

ಅವಳಿಗೂ ಸಿಟ್ಟು ನೆತ್ತಿಗೇರಿತು. "ಮೂಟೆ ಎತ್ತಿದ ಹಾಗೆ ಎತ್ತಿದಿರಲ್ಲ, ಆ ಮಗುವಿಗೇನು ಕಾಲಿಲ್ವಾ?"

ಅವನ ಮುಖ ಸುಣ್ಣದಂತಾಯಿತು. ಮಗುವನ್ನು ಹೆಗಲಿಗೇರಿಸಿಕೊಂಡು ಹೊರಟುಹೋದ.

'ಅಯ್ಯೋ... ನಾನೇನಂದೆ ಅಂಥದ್ದು?'

ಸಂಜೆ ಶಾಲೆಯ ದೊಡ್ಡ ಮೇಡಂ ಹೇಳಿದ ಮೇಲೆ ಅವಳಿಗೆ ತಿಳಿಯಿತು. ಗುಬ್ಬಿಯ ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ತಂದೆ ಸಾರುವೆ ಕಟ್ಟುವವನು. ಏಳುತ್ತಿರುವ ಕಟ್ಟಡದ ಸುತ್ತ ಗಳ ನಿಲ್ಲಿಸಿ, ಹಲಗೆ ಹಾಸಿ, ಗಾರೆಯವರಿಗೆ ನಿಲ್ಲಲು ಜಾಗ ಮಾಡಿಕೊಡುವ ಕೆಲಸ. ಕಳೆದ ವರ್ಷ ಒಂದು ಹಲಗೆ ಜಾರಿ ಅವನು ಕೆಳಗೆ ಬಿದ್ದ. ಏಳಲೇ ಇಲ್ಲ. ಆ ಹಲಗೆ ಕಟ್ಟಿದವನು ಅವನ ತಮ್ಮ... ಬಾಗಿಲಲ್ಲಿ ನಿಂತು ಕೂಗಿದ ಇವನೇ.

ಅಂದಿನಿಂದ ಗುಬ್ಬಿಯ ಪಾದ ನೆಲ ಕಂಡಿದ್ದು ಅಪರೂಪ. ಮನೆಯಲ್ಲಿ ಅಜ್ಜಿಯ ಸೊಂಟ, ಬೀದಿಯಲ್ಲಿ ಚಿಕ್ಕಪ್ಪನ ಹೆಗಲು. ಮುಂದಿನ ತರಗತಿ ಮಹಡಿಯ ಮೇಲೆ. ತಾನೇ ಮೆಟ್ಟಿಲು ಹತ್ತದ ಮಗುವನ್ನು ಸೇರಿಸಿಕೊಳ್ಳುವುದು ಹೇಗೆ ಎಂದು ಮೇಡಂ ಕೇಳಿದ್ದಕ್ಕೇ ಮನೆಯವರು ಈ ಆಟದ ತರಗತಿಗೆ ಕಳಿಸಿದ್ದರು.

ಮರುದಿನ ಅವನು ಗುಬ್ಬಿಯನ್ನು ಹೊತ್ತು ಮತ್ತೆ ಬಂದ. ಬೂಟು ಹೊರಗೇ ಬಿಟ್ಟಿದ್ದ.

"ನಿನ್ನೆ... ಬಾಯಿ ತಪ್ಪಿತು."

"ನಂದೂ."

"ಬಾಗಿಲಲ್ಲಿ ಕೂತು ನೋಡಬಹುದಾ ಟೀಚರ್?"

"ನೋಡಿ. ಆದ್ರೆ ಬಾಯಿ ಮುಚ್ಕೊಂಡು."

ಅವನು ನಗಲಿಲ್ಲ. ಆದರೆ ಕೂತ.

ಅವಳ ಪಾಠದಲ್ಲಿ ಪುಸ್ತಕವಿರಲಿಲ್ಲ. "ಹೊಟ್ಟೆಯೊಳಗೊಂದು ಮರಳಿನ ಚೀಲ ಇದೆ," ಅನ್ನುತ್ತಿದ್ದಳು. "ಎಲ್ಲಾ ಮರಳನ್ನೂ ಈ ಕಾಲಿಗೆ ಸುರೀರಿ. ನಿಧಾನ... ಈಗ ಇದು ತುಂಬಿದ ಕಾಲು, ಅದು ಖಾಲಿ ಕಾಲು. ಖಾಲಿ ಕಾಲು ಏನು ಮಾಡುತ್ತೆ?"

"ಹಾರುತ್ತೆ!"

ಈಗಷ್ಟೇ ಹುಟ್ಟಿದ ಕರುವಾಗಿ ತಡವರಿಸುತ್ತ ಏಳುವುದು, ಗಾಳಿಗೆ ಬಾಗುವ ಪೈರಾಗುವುದು, ಬೇಕೆಂದೇ ಚಾಪೆಯ ಮೇಲೆ ಉರುಳಿ ಬೀಳುವುದು. ಗುಬ್ಬಿ ಮೊದಮೊದಲು ಗೋಡೆ ಬಿಡುತ್ತಿರಲಿಲ್ಲ. ಬರುಬರುತ್ತ ಗೋಡೆಯಿಂದ ಒಂದು ಬೆರಳು ದೂರವಾದಳು. ಆಮೇಲೆ ಒಂದು ಮೊಳ.

ಒಂದು ದಿನ ಮಕ್ಕಳೆಲ್ಲ ಹೋದ ಮೇಲೆ ಚಾಪೆ ಸುತ್ತಲು ಬಂದವಳು ಬಾಗಿಲಲ್ಲೇ ನಿಂತಳು. ಗಟ್ಟಿಮುಟ್ಟಾದ ಆ ಆಳು ಕೋಣೆಯ ನಡುವೆ, ಯಾರೂ ಇಲ್ಲವೆಂದುಕೊಂಡು, ಎಡಗಾಲಿನಿಂದ ಬಲಗಾಲಿಗೆ ಮರಳು ಸುರಿಯುತ್ತಿದ್ದ!

ಅವಳನ್ನು ಕಂಡು ಕಿವಿ ಕೆಂಪಾಯಿತು. "ಟೀಚರ್... ನಂದು ಯಾವ ಕಾಲು ತುಂಬಿದೆ?"

"ಎರಡೂ ಖಾಲಿ. ತಲೆ ತುಂಬಿದೆ."

ಆಗ ಅವನು ನಕ್ಕ. ಆ ನಗುವಿನ ಕೊನೆಗೆ ಯಾಕೋ ಅವನ ಕಣ್ಣುಗಳು ಒದ್ದೆಯಾಗಿದ್ದವು. ಅಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಕಣ್ಣುಗಳು ಅವಳ ಜೊತೆಗೇ ಬಂದವು.

'ಇದೇನಾಗ್ತಿದೆ ನಂಗೆ...'

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟ ದೋಣಿಯಾಟ. ದುಂಡು ಬದಿ ಮೇಲಾಗಿಟ್ಟ ಅರ್ಧ ಸೀಳಿದ ಮರದ ದಿಮ್ಮಿ, ಅದರ ಮೇಲೊಂದು ಅಗಲ ಹಲಗೆ. ಕಾಲಗಲಿಸಿ ನಿಂತು "ಅಲೆ ಬಂತು!" ಅಂದಾಗ ಮರಳೆಲ್ಲ ಒಂದು ಕಾಲಿಗೆ ಸುರಿದರೆ, ಆ ಬದಿ ದಡ್ ಎಂದು ನೆಲ ಮುಟ್ಟಬೇಕು. ಗುಬ್ಬಿ ಕಿಲಕಿಲ ನಗುತ್ತ ಆಡುತ್ತಿದ್ದಳು. ಬಾಗಿಲಲ್ಲಿ ಅವನು, ದಡ್ ಎಂದಾಗಲೆಲ್ಲ, ಕಣ್ಣು ಮುಚ್ಚುತ್ತಿದ್ದ.

ಒಂದು ಸೋಮವಾರ ಗುಬ್ಬಿಯೇ ಮೊದಲು ದೋಣಿ ಹತ್ತಿದಳು. ಹತ್ತುವಾಗ ಟೀಚರ್ ಎಂದಿನಂತೆ ನಡುವೆ ಕಾಲಿಟ್ಟು ಹಲಗೆ ಒತ್ತಿ ಹಿಡಿದಿದ್ದಳು. ಹತ್ತಿದ ಮೇಲೆ ಕಾಲು ತೆಗೆದಳು.

"ದೊಡ್ಡ ಅಲೆ ಬಂತು!"

ಗುಬ್ಬಿ ಮೈಯೆಲ್ಲವನ್ನೂ ಎಡಕ್ಕೆ ಸುರಿದಳು. ಹಲಗೆ ಅಲ್ಲಾಡಲಿಲ್ಲ. ಮಗು ಮಾತ್ರ ನಿಲ್ಲದೆ, ಹಲಗೆ ದಾಟಿ, ಚಾಪೆಯಾಚೆ ಬರಿಯ ನೆಲಕ್ಕೆ ಬಿದ್ದಳು. ಕೈ ಮುರಿದ ಸದ್ದು ಕೋಣೆಗೆಲ್ಲ ಕೇಳಿಸಿತು.

ಆಸ್ಪತ್ರೆಯ ವರಾಂಡದಲ್ಲಿ ಗುಬ್ಬಿಯ ಅಜ್ಜಿ ಮಗನ ಎದುರು ನಿಂತಳು. ದನಿ ಏರಿಸಲಿಲ್ಲ. "ನಿನ್ನಣ್ಣನ್ನ ನೀನೇ ಬೀಳಿಸಿದೆ. ಅವನ ಮಗೂನ ಇವಳ ಕೈಗೆ ಕೊಟ್ಟು ಬೀಳಿಸಿದೆ. ಇನ್ನು ಯಾರಿದ್ದಾರೆ ನಮ್ಮನೇಲಿ ಬೀಳೋಕೆ?"

ಅವನು ತಲೆಯೆತ್ತಲಿಲ್ಲ. ಟೀಚರ್ ಹತ್ತಿರ ಬಂದಾಗ ಇಷ್ಟೇ ಅಂದ: "ನಿಮ್ಮನ್ನ ನಂಬಿದ್ದೆ."

ಅವಳು ಮೆಲ್ಲಗೆ ಹಿಂದೆ ಸರಿದಳು.

ಆ ವಾರವೇ ದೊಡ್ಡ ಮೇಡಂ ಆಟದ ತರಗತಿ ನಿಲ್ಲಿಸಿದರು. "ನಾನೇನು ಮಾಡಲಮ್ಮಾ, ಒಬ್ಬ ತಾಯಿಯೂ ಮಗೂನ ಕಳಿಸ್ತಿಲ್ಲ."

ಸಾಮಾನು ತೆಗೆಯಲು ಹೋದವಳು ದೋಣಿಯನ್ನು ಮಗುಚಿದಳು. ಅಲ್ಲೇ ಕೈ ನಿಂತಿತು. ದಿಮ್ಮಿಗೂ ಹಲಗೆಗೂ ನಡುವೆ, ಎರಡೂ ಬದಿಗೆ, ಹೊಸ ಮರದ ಬೆಣೆಗಳು! ಕೂದಲು ತೂರದಷ್ಟು ಬಿಗಿ. ಮಕ್ಕಳ ಬೆರಳಿಗೆ ಸಿಬಿರು ಚುಚ್ಚಬಾರದೆಂದು ಅಂಚನ್ನೂ ಉಜ್ಜಿ ನುಣುಪು ಮಾಡಿತ್ತು.

ಗುಬ್ಬಿ ಬೀಳುವ ಹಿಂದಿನ ದಿನ, ಭಾನುವಾರ, ಬಾಗಿಲಿನ ಚಿಲಕ ಸರಿಮಾಡುತ್ತೇನೆಂದು ಕೀಲಿ ಇಸಕೊಂಡವನು ಅವನೇ.

'ಎಲ್ಲಾ ಗೊತ್ತಿದ್ದೂ... ನನ್ನ ತಲೆಗೆ ಕಟ್ಟಿದ್ನಾ? ಅವನ ಕಣ್ಣು ನಂಬಿ ನಾನು...'

ಬೆಣೆಗಳನ್ನು ಕಿತ್ತುಕೊಂಡು ಸೀದಾ ಅವನ ಕೆಲಸದ ಜಾಗಕ್ಕೆ ನಡೆದಳು. ಅವನು ಸಾರುವೆ ಇಳಿದು ಬಂದ.

"ಇದು ನಿಮ್ಮದೇನಾ?"

"ಹೌದು." ಅಡಗಿಸುವ ಪ್ರಯತ್ನವೇ ಇರಲಿಲ್ಲ. "ಅಷ್ಟು ಬಿಗಿ ಮಾಡಿದ್ರೂ ಬಿದ್ದಳಲ್ಲ ಟೀಚರ್. ಇನ್ನೂ ಏನು ಮಾಡಬೇಕಿತ್ತು ನಾನು?"

ಅವಳ ಸಿಟ್ಟು ನಿಂತಲ್ಲೇ ನಿಂತಿತು. ದೇವರೇ... ಇವನಿಗೆ ಗೊತ್ತೇ ಇಲ್ಲ!

"ಕತ್ತಲಲ್ಲಿ ಮೆಟ್ಟಿಲು ಇಳೀತಾ, ಇನ್ನೊಂದಿದೆ ಅಂತ ಕಾಲಿಟ್ಟು, ಅಲ್ಲಿ ಇಲ್ಲದೇ ಹೋದ್ರೆ ಏನಾಗುತ್ತೆ?"

"ಮೈಯೆಲ್ಲಾ ಜರ್ರನ್ನುತ್ತೆ. ಮುಗ್ಗರಿಸ್ತೀವಿ."

"ದೋಣಿ ಬಾಗುತ್ತೆ ಅಂತ ಅವಳ ಮೈ ಕಲಿತಿತ್ತು. ನಂಬಿ ಭಾರ ಬಿಟ್ಟಳು. ಅದು ಬಾಗಲಿಲ್ಲ."

ಅವನು ಸಿಮೆಂಟಿನ ಚೀಲದ ಮೇಲೆ ಕುಸಿದು ಕೂತ. ಬೆಣೆಗಳನ್ನು ಅಂಗೈಲಿಟ್ಟುಕೊಂಡು ತಿರುಗಿಸಿದ, ಮತ್ತೆ ತಿರುಗಿಸಿದ.

"ಅಣ್ಣ ಹೋದ ಮೇಲೆ... ಅಲ್ಲಾಡೋದು ಏನೇ ಕಂಡ್ರೂ ಕಟ್ಟಿ ಹಾಕಬೇಕು ಅನ್ಸುತ್ತೆ," ಅಂದ. "ಮನೆಯ ಮೇಜು, ಕಿಟಕಿ, ಎಲ್ಲಾ ಕಟ್ಟಿದೀನಿ."

ಸಮಾಧಾನ ಹೇಳಿದರೆ ಅದು ಸುಳ್ಳಾಗುತ್ತಿತ್ತು.

"ನಾನು ಯಾರಿಗೂ ಹೇಳಲ್ಲ. ನಿಮ್ಮಮ್ಮನಿಗಂತೂ ಹೇಳಲ್ಲ. ನಾಳಿದ್ದು ಊರು ಬಿಡ್ತೀನಿ."

ತಿರುಗಿ ನೋಡದೆ ನಡೆದಳು. ನೋಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು.

ಹೊರಡುವ ದಿನ, ಮಹಡಿಯ ಬಾಡಿಗೆ ಕೋಣೆಯಲ್ಲಿ ಗಂಟು ಕಟ್ಟುತ್ತಿದ್ದಾಗ ಹೊರಗೆ ಸಣ್ಣ ಚಪ್ಪಲಿಯ ಸದ್ದಾಯಿತು. ಕೈಗೆ ಬಿಳಿ ಪಟ್ಟಿ ಸುತ್ತಿದ ಗುಬ್ಬಿ. ಹಿಂದೆ ಅವನು, ರಾತ್ರಿಯೆಲ್ಲ ನಿದ್ದೆಗೆಟ್ಟ ಮುಖ.

"ಮೇಡಂಗೆ ಹೇಳಿದೆ. ತಪ್ಪು ನಂದು ಅಂತ. ಆದ್ರೂ..."

"ತರಗತಿ ಮತ್ತೆ ಶುರುವಾಗಲ್ಲ. ಗೊತ್ತು."

"ನನ್ನಿಂದ."

"ಹೌದು, ನಿಮ್ಮಿಂದ." ಅವಳು ಸುಳ್ಳು ಹೇಳಲಿಲ್ಲ. "ಅಮ್ಮನಿಗೆ?"

"ಹೇಳಿದೆ. ಮಾತು ಬಿಟ್ಟಿದ್ದಾಳೆ. ತಟ್ಟೆಗೆ ಊಟ ಹಾಕ್ತಾಳೆ, ಮುಖ ನೋಡಲ್ಲ." ಗುಬ್ಬಿಯ ಪಾದದ ಕಡೆ ನೋಡುತ್ತ ಅಂದ, "ಇವತ್ತು ನಾವು ಹೊರಟಾಗ ಗುಬ್ಬಿಗೆ ತಾನೇ ಚಪ್ಪಲಿ ಹಾಕಿದಳು. 'ಎತ್ಕೋಬೇಡ, ನಡೆಸ್ಕೊಂಡು ಹೋಗು' ಅಂದಳು."

ಅವಳು ಗುಬ್ಬಿಯ ಕಡೆ ತಿರುಗಿದಳು. "ಇಲ್ಲಿನ ಮೆಟ್ಟಿಲು?"

"ನಾನೇ ಹತ್ತಿದೆ!" ಅಂದಳು ಗುಬ್ಬಿ. "ಚಿಕ್ಕಪ್ಪನೇ ಹೆದರಿಕೊಂಡಿದ್ದು."

ಅಳು ನಗು ಎರಡೂ ಒಟ್ಟಿಗೆ ಬಂದು ಟೀಚರ್ ಗೋಡೆಯ ಕಡೆ ತಿರುಗಿದಳು. ಮತ್ತೆ ಇತ್ತ ತಿರುಗಿ ಅಂದಳು:

"ಒಂದು ಮಾತು. ಒಳ್ಳೇದಕ್ಕೇ ಆದ್ರೂ ಕದ್ದು ಮಾಡಬೇಡಿ. ಏನು ಮಾಡೋದಿದ್ರೂ ಮೊದಲು ಹೇಳಿ."

"ಹೇಳ್ಲಾ ಹಾಗಾದ್ರೆ?"

"ಏನು?"

"ನಿಮ್ಮನ್ನ ಮದುವೆ ಆಗಬೇಕು ಅಂತಿದೀನಿ. ಕೇಳೋಕೆ ಮುಖ ಇಲ್ಲ. ಆದ್ರೂ ಕೇಳ್ತಿದೀನಿ."

ಹೊರಗೆ ಯಾವುದೋ ಗಾಡಿ ಹೋಯಿತು. ಅವಳು ಅರ್ಧ ಕಟ್ಟಿದ ಗಂಟನ್ನು ಕೆಳಗಿಟ್ಟಳು.

"ನನಗೆ ಭಯ ಆಗ್ತಿದೆ."

"ನನಗೂ."

"ಸದ್ಯ... ನನ್ನೊಬ್ಬಳಿಗೇ ಅಂದ್ಕೊಂಡಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಕೂತ್ಕೊಳ್ಳಿ, ಟೀ ಮಾಡ್ತೀನಿ. ಪಾತ್ರೆ ಆ ಗಂಟಿನಲ್ಲಿದೆ."

ಅವನು ಗಂಟಿನ ಮುಂದೆ ಮಂಡಿಯೂರಿ ಕೂತ. ಬಿಚ್ಚುವ ಮೊದಲು ತಲೆಯೆತ್ತಿ ಕೇಳಿದ:

"ಪಾತ್ರೆ ಒಂದೇ ಹೊರಗೆ ತೆಗೀಲಾ? ಎಲ್ಲಾ ಸಾಮಾನೂ ತೆಗೀಲಾ?"

"ಎಲ್ಲಾನೂ ತೆಗೀರಿ," ಅಂದಳು ಅವಳು.