ಬೂದು ಕುದುರೆಯ ಮೇಲಿನ ಬೆಳಕು

“ವಿಡಿಯೋದಲ್ಲಿ ಆ ಬೆಳಕಿನ ಸುತ್ತನ್ನ ನನ್ನ ಮೇಲಿಂದ ತೆಗೆದುಬಿಡಿ.”

ಬಾಗಿಲಲ್ಲಿ ನಿಂತವನ ಬೂಟಿನ ತುಂಬ ಕೆಸರು, ಕೈಯಲ್ಲಿ ಚಾವಟಿ. ನಾರಿನ್ ಪೇಟೆಯ ಆ ಪುಟ್ಟ ಸ್ಟುಡಿಯೋದಲ್ಲಿ ವಿಡಿಯೋ ಎಡಿಟ್ ಮಾಡುತ್ತ ಕೂತಿದ್ದ ಬೇಗಿಮಾಯ್ ತಲೆಯೆತ್ತಿದಳು. ಕಂಪ್ಯೂಟರ್ ಪರದೆಯಲ್ಲಿ ಅವಳು ನೋಡಿ ನೋಡಿ ಬಲ್ಲ ಮುಖವದು... ಎರ್ಮೆಕ್.

“ಅದು ನಿಮಗೆ ಹಾಕಿದ್ದಲ್ಲ, ಕುದುರೆಗೆ,” ಎಂದಳು. “ಬುರುಲಜ್ಜಿ ಕೇಳಿದ್ರು. ತಮ್ಮ ಯಜಮಾನರ ಕುದುರೆ ಎಲ್ಲಿದ್ರೂ ಕಣ್ಣಿಗೆ ಬೀಳಬೇಕು ಅಂತ.”

“ಅದರ ಮೇಲೆ ಕೂತಿದ್ದು ನಾನಲ್ವಾ? ಊರೆಲ್ಲ ನನ್ನನ್ನೇ ನೋಡ್ತು.”

ಅಜ್ಜಿಯ ಗಂಡ ತೀರಿಕೊಂಡು ವರ್ಷ ತುಂಬಿದ ದಿನ, ಅವರ ಹೆಸರಿನಲ್ಲಿ ಉಲಾಕ್ ನಡೆದಿತ್ತು. ತಲೆ ಕಡಿದ ಆಡಿನ ದೇಹಕ್ಕಾಗಿ ಎರಡು ತಂಡಗಳ ಕುದುರೆ ಸವಾರರು ಕಿತ್ತಾಡುವ ಆಟ. ಎರ್ಮೆಕ್‌ಗೆ ಸವಾರಿ ಕಲಿಸಿದ್ದೇ ಆ ಹಿರಿಯರು. ಅವರ ಬೂದು ಕುದುರೆ ಏರಿದ ಅವನು, ಕೈಗೆ ಸಿಕ್ಕ ಆಡನ್ನು ಕೆಳಗೆ ಬಿಟ್ಟು ಹಿಂದಕ್ಕೆ ತಿರುಗಿದ್ದು ವಿಡಿಯೋದಲ್ಲಿ ಸ್ಪಷ್ಟವಾಗಿತ್ತು. ಅಲ್ಲಿ ಧೂಳು ಕವಿದು, ಕಂಪ್ಯೂಟರ್ ಹಾಕಿದ, ಕುದುರೆಯನ್ನು ತಾನಾಗಿ ಹಿಂಬಾಲಿಸುತ್ತಿದ್ದ ಬೆಳಕಿನ ಸುತ್ತು ಅದರ ಜಾಡು ಕಳೆದುಕೊಂಡಿತ್ತು. ಬೇಗಿಮಾಯ್ ವಿಡಿಯೋವನ್ನು ಅಲ್ಲಿಗೇ ಕತ್ತರಿಸಿದ್ದಳು.

ಅಜ್ಜಿಯ ಮನೆಯಲ್ಲಿ ಬಂಧುಬಳಗವೆಲ್ಲ ಕೂತು ಅದನ್ನು ನೋಡಿತ್ತು. ಎರ್ಮೆಕ್ ಪುಕ್ಕಲ ಎಂದಿತ್ತು. ಬರುವ ಶುಕ್ರವಾರ ಮತ್ತೆ ಸೇರಿ, ಅವನ ವಶದಲ್ಲಿದ್ದ ಕುದುರೆಯನ್ನು ಕಿತ್ತು ಬೇರೆಯವನಿಗೆ ಕೊಡುವುದೆಂದೂ ಮಾತಾಗಿತ್ತು.

“ಆಡನ್ನ ಯಾಕೆ ಬಿಟ್ರಿ?” ಬೇಗಿಮಾಯ್ ಕೇಳಿದಳು.

“ಸತ್ತೋರ ಹೆಸರಿನ ಆಟ. ಅದರಲ್ಲಿ ನನ್ನ ದೊಡ್ಡಸ್ತಿಕೆ ನಾನೇ ಹೇಳ್ಕೊಳ್ಳಲ್ಲ. ಸುತ್ತು ತೆಗೀರಿ, ಸಾಕು.”

ದೊಡ್ಡಸ್ತಿಕೆಯಂತೆ! ಕುದುರೆ ಕೈತಪ್ಪುವಾಗಲೂ ಜಂಬ ನೋಡು... ಎಂದುಕೊಂಡಳು. ಆದರೆ ಅವನ ಕಣ್ಣು ತುಂಬಿತ್ತು.

“ಕೂತ್ಕೊಳ್ಳಿ. ಚಹಾ ಅಲ್ಲಿದೆ.”

ಕತ್ತರಿಸಿ ಬಿಸಾಕಿದ್ದ ಭಾಗವನ್ನು ತೆರೆದಳು. ಧೂಳಿನಲ್ಲಿ ಯಂತ್ರಕ್ಕೆ ಕಾಣದ್ದನ್ನು ಒಂದೊಂದೇ ಫ್ರೇಮ್‌ನಲ್ಲಿ ಹುಡುಕುತ್ತ, ಸುತ್ತನ್ನು ತಾನೇ ಕೈಯಾರೆ ಸರಿಸಿದಳು. ಒಂದು ಬೂದು ಕಿವಿ... ಬಾಲದ ತುದಿ... ಚಾವಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡ ಎರ್ಮೆಕ್‌ನ ಬಾಯಿ...

ಧೂಳು ತಿಳಿಯಾಯಿತು. ಗೊರಸುಗಳ ನಡುವೆ ಎದುರು ತಂಡದ ಸವಾರನೊಬ್ಬ ಪ್ರಜ್ಞೆ ತಪ್ಪಿ ಬಿದ್ದಿದ್ದ. ಎರ್ಮೆಕ್ ಅವನಿಗೆ ಕುದುರೆಯನ್ನು ಅಡ್ಡ ನಿಲ್ಲಿಸಿ, ಕೆಳಗೆ ಹಾರಿ, ಅವನನ್ನು ಹೊತ್ತು ನಡೆದ. ಆಡಿನ ಹಿಂದೆ ಬಿದ್ದಿದ್ದ ಜನ ಇತ್ತ ನೋಡಿರಲೇ ಇಲ್ಲ. ಕುದುರೆ ಬೇರೆ ಕಡೆ ಓಡಿತು.

ಸುತ್ತು ಕುದುರೆಯ ಜೊತೆ ಹೋಗಬೇಕಿತ್ತು. ಅವಳ ಕೈ ಮೌಸ್ ಮೇಲೆ ಒಂದು ಕ್ಷಣ ನಿಂತಿತು.

“ತಪ್ಪು ನನ್ನದು,” ಅವಳು ಅವನತ್ತ ತಿರುಗಿದಳು. “ಮುಂದೆ ಏನಿದೆ ಅಂತ ನೋಡದೇ ಕತ್ತರಿಸಿದೆ. ಅದನ್ನ ಎಲ್ಲರ ಮುಂದೆ ಹೇಳ್ತೀನಿ. ನಿಮ್ಮ ದೊಡ್ಡಸ್ತಿಕೆ ನಾನು ಹೇಳಬಹುದಲ್ವಾ?”

ಅವನು ಚಾವಟಿ ಕೆಳಗಿಟ್ಟು ಲೋಟ ಕೈಗೆತ್ತಿಕೊಂಡ. ಚಹಾ ಆರಿಹೋಗಿತ್ತು.

ಶುಕ್ರವಾರ ಅಜ್ಜಿಯ ಮನೆಯಲ್ಲಿ, ಬಂಧುಗಳೆಲ್ಲರ ಮುಂದೆ ಅವಳು ಹೇಳಿದ ಮಾತಿನಂತೆಯೇ ನಡೆದುಕೊಂಡಳು. ವಿಡಿಯೋವನ್ನು ಪೂರ್ತಿ ತೋರಿಸಿದಳು. ಬುರುಲಜ್ಜಿ ಪರದೆಯ ಮೇಲೆ ಕೈಯಿಟ್ಟು ಅತ್ತರು.

“ನಮ್ಮ ಯಜಮಾನ್ರಾಗಿದ್ರೂ ಹೀಗೇ ಕುದುರೆ ಇಳೀತಿದ್ರು ಮಗಾ,” ಎಂದು ಲಗಾಮನ್ನು ಎರ್ಮೆಕ್‌ನ ಕೈಗಿಟ್ಟರು.

ಅಂಗಳದಲ್ಲಿ ಕುದುರೆಯ ಕುತ್ತಿಗೆ ಸವರುತ್ತ ಅವನು ಕೇಳಿದ:

“ಸುತ್ತು ಕುದುರೆಗೆ ಅಂದಿದ್ರಿ. ಕೊನೇಲಿ ಕುದುರೆ ಅತ್ತ ಓಡಿದ್ರೂ ಅದು ನನ್ನ ಜೊತೆಗೇ ಬಂತಲ್ಲ?”

“ನಾನೇ ಸರಿಸಿದೆ.”

“ಯಾಕೆ?”

ಬೇಗಿಮಾಯ್ ತಲೆ ತಗ್ಗಿಸಿದಳು. “ಒಂದೊಂದೇ ಫ್ರೇಮ್ ನಿಮ್ಮನ್ನ ಹುಡುಕ್ತಾ ಹುಡುಕ್ತಾ... ಆಮೇಲೆ ಬಿಟ್ಟುಕೊಡೋಕೆ ಮನಸ್ಸಾಗಲಿಲ್ಲ.”

ಅವನು ಲಗಾಮನ್ನು ಕೈಗೆ ಸುತ್ತಿಕೊಂಡ.

“ಅವತ್ತು ಆ ಸುತ್ತನ್ನ ತೆಗೆದುಬಿಡಿ ಅಂದಿದ್ದೆ.”

“ಹೂಂ.”

“ತೆಗೀಬೇಡಿ, ಬೇಗಿಮಾಯ್.”