ಬಿಸಿಲು ಆರದ ಜಾಡಿ

ಕಾಲತಡೆ ಪೆಟ್ಟಿಗೆಯ ಬಾಗಿಲು ನಿಟ್ಟುಸಿರಿನಂಥ ಸದ್ದು ಮಾಡಿ ತೆರೆದುಕೊಂಡಿತು. ನೀಲಗಂಗಾ ಪಿಂಗಾಣಿ ಜಾಡಿಯನ್ನು ಎರಡೂ ಕೈಯಿಂದ ಎತ್ತಿದಳು. ಅದು ಇನ್ನೂ ಬೆಚ್ಚಗಿತ್ತು. ಹತ್ತೊಂಬತ್ತು ವರ್ಷಗಳ ಹಿಂದೆ, ಅವ್ವ ತೀರಿಕೊಂಡ ಮಧ್ಯಾಹ್ನ, ಮಾಳಿಗೆಯಿಂದ ಇಳಿಸಿ ತಂದು ಒಳಗಿಟ್ಟದ್ದು; ಅಂದಿನ ಬಿಸಿಲೇ ಅದರ ಹೊಟ್ಟೆಯಲ್ಲಿ ಕೂತಿತ್ತು.

ವಿಜಯಪುರಕ್ಕೆ ಆಗಷ್ಟೇ ಬಂದಿದ್ದ ಆ ಪೆಟ್ಟಿಗೆ ಈಗ ಮನೆಮನೆಯಲ್ಲೂ ಇದೆ. ಒಳಗೆ ಕಾಲ ಸರಿಯುವುದಿಲ್ಲ. ಬಡಿದ ರೊಟ್ಟಿ ತಿಂಗಳ ಮೇಲೂ ಬಿಸಿಯಾಗೇ ಇರುತ್ತದೆ. ಉಪ್ಪು ಹಾಕಿ, ಒಣಗಿಸಿ ಕಾಪಾಡುವ ಗೋಜು ಯಾರಿಗೂ ಉಳಿದಿಲ್ಲ. ಅವ್ವ ಹೋದಾಗ ಅವಳಿಗೆ ಐವತ್ತನಾಲ್ಕು. ತನಗೂ ಅಷ್ಟು ತುಂಬಿದ ದಿನ ಅವ್ವನ ಕೈಯ ನಿಂಬೆ ಉಪ್ಪಿನಕಾಯಿ ಉಣ್ಣಬೇಕೆಂದು ನೀಲಗಂಗಾ ಆಸೆ ಹಿಡಿದುಕೊಂಡು ಬಂದಿದ್ದಳು. ಆ ದಿನ ಇಂದು ಬಂದಿತ್ತು.

ಒಂದು ಹೋಳು ಬಾಯಿಗಿಟ್ಟಳು. ಕಹಿ. ಸಿಪ್ಪೆ ಬಿರುಸು, ಉಪ್ಪು ಬೇರೆ, ಹುಳಿ ಬೇರೆ.

ಪಕ್ಕದ ಮನೆಯ ತಹಸೀನ್ ಆ ಪೆಟ್ಟಿಗೆಯನ್ನು ರೂಪಿಸಿದ ವಿಜ್ಞಾನಿಗಳಲ್ಲಿ ಒಬ್ಬಳು. ಕೆಟ್ಟಿದೆಯೇನು ನೋಡೆಂದು ಕರೆಸಿದರೆ, ಅವಳು ಮೂಸಿ, ನೆಕ್ಕಿ, ಒಳಗಿಡುವಾಗ ಉಪ್ಪಿನಕಾಯಿ ಹಾಕಿ ಎಷ್ಟು ದಿನವಾಗಿತ್ತೆಂದು ಕೇಳಿದಳು. ನಾಲ್ಕು ದಿನ ಎಂದಳು ನೀಲಗಂಗಾ.

“ಕೆಟ್ಟಿಲ್ರೀ ಅಕ್ಕಾರ. ಇನ್ನೂ ಆಗೇ ಇಲ್ಲ.”

ಸಿಪ್ಪೆಯ ಕಹಿಯನ್ನು ಉಪ್ಪು ಮೆಲ್ಲಗೆ ಬಿಡಿಸಬೇಕು, ಬಿಸಿಲು ಮೆತ್ತಗಾಗಿಸಬೇಕು, ಅದಕ್ಕೆ ದಿನಗಳೇ ಬೇಕೆಂದು ತಹಸೀನ್ ವಿವರಿಸಿದಳು. ಕೆಡುವುದನ್ನು ತಡೆಯಲೆಂದು ಮಾಡಿದ ಯಂತ್ರ ಮಾಗುವುದನ್ನೂ ತಡೆದಿತ್ತು. ಒಳಗಿಟ್ಟರೆ ಎಂದೆಂದಿಗೂ ಕಹಿ. ಹೊರಗಿಟ್ಟರೆ ಮಾಗುತ್ತದೆ, ಆಮೇಲೆ ಮುಗಿಯುತ್ತದೆ.

“ಇದು ಮುಗದ್ರ ಅವ್ವನ ಕೈಯಿಂದು ಏನೂ ಉಳಿಯಂಗಿಲ್ಲ,” ಎಂದಳು ನೀಲಗಂಗಾ. ಅಷ್ಟು ಹೇಳುವುದರೊಳಗೇ ಜಾಡಿ ಅವಳ ಕೈಯಲ್ಲಿ ತಣ್ಣಗಾಗತೊಡಗಿತ್ತು.

ಅದರ ಬಾಯಿಗೆ ಹಳೆಯ ಇಳಕಲ್ ಸೀರೆಯ ತುಂಡು ಕಟ್ಟಿ ಮಾಳಿಗೆ ಹತ್ತಿದಳು. ದಿನಾ ಬೆಳಿಗ್ಗೆ ಕುಲುಕುವುದು, ಬಿಸಿಲು ತಿರುಗಿದತ್ತ ಸರಿಸುವುದು, ಸಂಜೆ ಇಳಿಸುವುದು. ಅವ್ವ ಜಾಡಿಯನ್ನು ಸೊಂಟಕ್ಕೆ ಒರಗಿಸಿಕೊಂಡು ಕುಲುಕುತ್ತಿದ್ದಳು. ವಾರ ಕಳೆಯುವುದರಲ್ಲಿ ನೀಲಗಂಗಾಳ ಸೊಂಟವೂ ತಾನಾಗಿ ಆ ಕಡೆ ವಾಲಿತು.

ನಲವತ್ತನೆಯ ದಿನ ಹೋಳು ನಾಲಿಗೆಯ ಮೇಲೆ ಕರಗಿತು. ಅವ್ವನ ರುಚಿಯೇ. ಕೊನೆಗೆ ಮಾತ್ರ ಬೇರೇನೋ ಇತ್ತು; ಅದು ತನ್ನದಿರಬೇಕು.

“ಈಗ ಸರಿ ಆಗೈತ್ರೀ. ಇವತ್ತ ಪೆಟ್ಟಿಗ್ಯಾಗ ಇಟ್ಟಬಿಡ್ರೀ, ಹಿಂಗ ಇರತೈತಿ,” ಎಂದಳು ತಹಸೀನ್.

ನೀಲಗಂಗಾ ಅವಳ ತಟ್ಟೆಯ ರೊಟ್ಟಿಯ ಮೇಲೆ ದೊಡ್ಡ ಹೋಳೊಂದನ್ನಿಟ್ಟಳು. “ಉಣ್ಣವಾ ಮೊದಲ.”

ಹೋಳುಗಳೆಲ್ಲ ಮುಗಿದ ದಿನ, ತಳದಲ್ಲುಳಿದ ರಸಕ್ಕೆ ಹೊಸ ನಿಂಬೆ ಹೆಚ್ಚಿ ಹಾಕಿ, ಉಪ್ಪು ಸುರಿದು, ಜಾಡಿಯನ್ನು ಸೊಂಟಕ್ಕೆ ಒರಗಿಸಿಕೊಂಡಳು.