ನಾಲ್ಕು ಗಂಟೆಯ ದಾರಿ

ಹದಿನೇಳನೇ ತಾರೀಕು ಮಧ್ಯಾಹ್ನ ಹನ್ನೆರಡೂವರೆಗೆ ಶವವಾಹನದ ಚಾಲಕ ಠಾಣೆಗೆ ಬಂದ. ಗಾಡಿಯ ನಾಲ್ಕೂ ಟೈರುಗಳನ್ನು ಯಾರೋ ಕೊಯ್ದಿದ್ದರು.

“ಹೆಣದ ಗಾಡಿ ಮೇಲೆ ಯಾರಿಗೆ ಹೊಟ್ಟೆಯುರಿ, ಮೇಡಂ? ನನ್ನ ಗಾಡಿಯಲ್ಲಿ ಹೋದವರು ಯಾರೂ ತಕರಾರು ಮಾಡಿದ್ದಿಲ್ಲ.”

ಎಫ್‌ಐಆರ್ ದಾಖಲಾಯಿತು. ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಪಂಚನಾಮೆ ನಡೆದಾಗ ಹಿಂದಿನ ಚಕ್ರದ ಬಳಿ ಹೊಸ ಚಾಕುವಿನ ರಟ್ಟಿನ ಕವಚ ಸಿಕ್ಕಿತು. ಪಕ್ಕದ ಬೀದಿಯ ಪಾತ್ರೆ ಅಂಗಡಿಯವನಿಗೆ ಅದರ ಗುರುತಿತ್ತು. “ಒಬ್ಬ ಹೆಂಗಸು ತಗೊಂಡ್ರು. ಸೂಟ್‌ಕೇಸಿಗೆ ವಿಮಾನದ ಚೀಟಿ ಇನ್ನೂ ಅಂಟಿಕೊಂಡಿತ್ತು.”

ಆ ಗಾಡಿ ಎರಡು ಗಂಟೆಗೆ ಒಬ್ಬ ಮುದುಕಿಯ ಶವ ಒಯ್ಯಬೇಕಿತ್ತು. ಬೇರೆ ಗಾಡಿ ಸಿಗದೆ ಅಂತ್ಯಕ್ರಿಯೆ ಮರುದಿನಕ್ಕೆ ಹೋಗಿತ್ತು. ಇನ್‌ಸ್ಪೆಕ್ಟರ್ ಆ ಮನೆಗೆ ಹೋದರು. ಮುದುಕಿಯ ಮಗ ಟೈಲರ್. ಕೊರಳಲ್ಲಿ ಅಳತೆ ಟೇಪು ಹಾಗೇ ಉಳಿದಿತ್ತು.

“ತಡವಾದರೆ ಯಾರಿಗೆ ಅನುಕೂಲ?”

“ತಂಗಿಗೆ ಅಮ್ಮನ ಮುಖ ಸಿಗುತ್ತೆ, ಅಷ್ಟೆ. ನಿನ್ನೆ ರಾತ್ರಿ ಫೋನ್ ಮಾಡಿದೆ. ಪಾಪ, ಎರಡು ವಿಮಾನ ಬದಲಿಸಬೇಕು, ಇಡೀ ದಿನದ ದಾರಿ. ಎರಡು ಗಂಟೆಗೆ ಆ ಶೆಡ್ಡಿನ ಗಾಡಿ ಬರುತ್ತೆ, ಅಷ್ಟು ಹೊತ್ತು ಕಾಯೋಕಾಗಲ್ಲ ಅಂತ ಹೇಳಿಬಿಟ್ಟಿದ್ದೆ.”

“ಯಾವ ಊರು?”

ಅವನು ಹೇಳಿದ. ಹೊರಗೆ ಬಂದ ಮೇಲೆ ಮಹಿಳಾ ಪೇದೆ ಬಾಯಿಬಿಟ್ಟಳು. “ಮೇಡಂ, ನನ್ನ ನಾದಿನಿ ಇರೋದು ಅದೇ ಊರಲ್ಲಿ. ತಿಂಡಿ ಅಲ್ಲಿ ತಿಂದು ಊಟಕ್ಕೆ ನಮ್ಮನೇಲಿರ್ತಾಳೆ. ಕರೀದೇ ಇದ್ದರೂ!”

ವಿಮಾನ ಕಂಪನಿಯವರು ದೃಢಪಡಿಸಿದರು: ಎರಡು ಸಾವಿರದ ಒಂಬೈನೂರು ಕಿಲೋಮೀಟರ್, ನೇರ ವಿಮಾನ, ನಾಲ್ಕು ಗಂಟೆ. ಬೆಳಗಿನ ವಿಮಾನದಲ್ಲಿ ತಂಗಿ ಬಂದಿದ್ದಳು.

ನಾಲ್ಕೂವರೆಗೆ ಅವಳು ವಿಮಾನ ನಿಲ್ದಾಣದಲ್ಲೇ ಸಿಕ್ಕಳು. ಬರುವವರಿಗಾಗಿ ಕಾಯುವವರ ಸಾಲಿನಲ್ಲಿ ಕೂತಿದ್ದಳು.

“ಯಾವ ವಿಮಾನದಲ್ಲಿ ಬಂದಿರಿ?”

“ಸಂಜೆಯದ್ದು.”

“ಅದು ಇನ್ನೂ ಇಳಿದಿಲ್ಲವಲ್ಲ.”

ಅವಳು ಸೂಟ್‌ಕೇಸು ತೆರೆದು ಚಾಕು ಕೊಟ್ಟಳು.

“ನೇರ ಮನೆಗೆ ಹೋಗಬಹುದಿತ್ತಲ್ಲ?”

“ಹೇಗೆ ಹೋಗಲಿ? ಮೊದಲು ನಿಜವಾಗಿಯೂ ಒಂದು ದಿನ ಹಿಡೀತಿತ್ತು. ಆಮೇಲೆ ನೇರ ವಿಮಾನ ಬಂತು. ನಾನು ಹೇಳಲಿಲ್ಲ. ಹೇಳಿದ್ದರೆ ಸಣ್ಣ ನೆಗಡಿಗೂ ಬಾ ಅನ್ನೋರು. ಈ ಸಲ ಅಮ್ಮ ಹಾಸಿಗೆ ಹಿಡಿದಾಗ ಅಣ್ಣ ಮೂರು ವಾರ ಕರೆದ. ಅಷ್ಟು ದೂರದಿಂದ ಹೇಗೆ ಬರಲಿ ಅಂದೆ. ಅಮ್ಮನೇ ಫೋನ್ ತಗೊಂಡು, ಬೇಡ ಬಿಡು, ದಣೀತೀಯ ಅಂದಳು.”

ಐದು ಗಂಟೆಗೆ ಬಂಧನವಾಯಿತು. ಕಾರಣವೆಂದು ಇನ್‌ಸ್ಪೆಕ್ಟರ್ ಬರೆದದ್ದು ಒಂದೇ ಸಾಲು: ಆರೋಪಿಗೆ ತಾಯಿಯ ಮುಖ ನೋಡಬೇಕಿತ್ತು, ಬೇಗ ಬಂದದ್ದು ಯಾರಿಗೂ ತಿಳಿಯಬಾರದಿತ್ತು. ಠಾಣೆಗೆ ಹೋಗುವ ಮೊದಲು ಜೀಪನ್ನು ಆ ಮನೆಯ ಮುಂದೆ ನಿಲ್ಲಿಸಿದರು.

ಅಣ್ಣ ಓಡಿ ಬಂದ. “ಬಂದೆಯಾ! ಇಷ್ಟು ಬೇಗ ಹೇಗೆ ಸಿಕ್ಕಿತೇ ವಿಮಾನ?”

“ನಾಲ್ಕೇ ಗಂಟೆ, ಅಣ್ಣ. ಎಷ್ಟೋ ವರ್ಷದಿಂದ ನಾಲ್ಕೇ ಗಂಟೆ.”

ಅವನು ಹಿಂದೆ ನಿಂತ ಪೊಲೀಸರನ್ನು ನೋಡಿದ. ಅವಳನ್ನು ನೋಡಿದ.

“ಅಮ್ಮನ ಮುಂದೆ ಹೇಳಬೇಡ,” ಎಂದು ಬಾಗಿಲು ಬಿಟ್ಟು ಸರಿದ.